ಗಗನದ ಅಕ್ಷರಾಭ್ಯಾಸ

ಶಿವಮೊಗ್ಗ ಸೀಮೆಯ ಒಂದು ಹಳ್ಳಿಯಲ್ಲಿ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳಿಟ್ಟು, ಒಬ್ಬ ಹುಡುಗನು ತನ್ನ ಐದನೆಯ ವರ್ಷದಲ್ಲಿ ಮೊದಲ ಅಕ್ಷರವನ್ನು ಬರೆದನು. ಅಕ್ಕಿಯಿಂದ ಮರಳಿಗೆ, ಮರಳಿನಿಂದ ಸ್ಲೇಟಿಗೆ ಬರುವ ಹೊತ್ತಿಗೆ ಆತನ ಅಜ್ಜನು ಒಂದು ಪಾಠವನ್ನು ಹೇಳಿಕೊಟ್ಟನು. ಹುಡುಗನ ಕೈಯಿಂದ ‘ದನ’ ಎಂದು ಬರೆಸಿ, ಬಳಪವನ್ನು ತಾನು ತೆಗೆದುಕೊಂಡು, ದಕಾರದ ಹೊಟ್ಟೆಯನ್ನು ಒಂದು ಸಣ್ಣ ಗೀಟಿನಿಂದ ಸೀಳಿ, “ಈಗ ಓದು ಮಗು” ಎಂದನು. ದನವು ಧನವಾಗಿತ್ತು, ಕೊಟ್ಟಿಗೆಯಲ್ಲಿದ್ದುದು ಪೆಟ್ಟಿಗೆಗೆ ಬಂದಿತ್ತು. ಹುಡುಗನು ಕೈತಟ್ಟಿ ನಕ್ಕನು. ನಗುವು ಬೇಗನೆ ಮರೆಯಾಯಿತು. ಅಷ್ಟು ಚಿಕ್ಕ ಗೀಟು ಅಷ್ಟು ದೊಡ್ಡ ವ್ಯತ್ಯಾಸವನ್ನು ಮಾಡಬಲ್ಲುದೆಂಬ ಬೆರಗು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಆ ಹುಡುಗನು ಬೆಳೆದು ವೈಮಾನಿಕನಾದನು. ಬೆಂಗಳೂರಿನ ಹೊರವಲಯದ ಜಕ್ಕೂರಿನಲ್ಲಿ ಹಾರಾಟವನ್ನು ಕಲಿಯತೊಡಗಿದಾಗ ಆತನಿಗೆ ಎರಡನೆಯ ಅಕ್ಷರಾಭ್ಯಾಸವಾಯಿತು. ಈ ಸಲ ಅಕ್ಕಿಯ ತಟ್ಟೆಯಿರಲಿಲ್ಲ. ಮೊಣಕಾಲಿನ ಮೇಲೆ ಮಡಿಸಿಟ್ಟ ಕಾಗದದ ನಕಾಶೆಯಿತ್ತು.

ವಾಯುಯಾನದ ನಕಾಶೆಯು ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟದಂತಲ್ಲ. ಅದರಲ್ಲಿ ಕಣ್ಣಿಗೆ ಕಾಣುವ ಊರುಗಳಿಗಿಂತಲೂ ಕಣ್ಣಿಗೆ ಕಾಣದ ವಸ್ತುಗಳೇ ಹೆಚ್ಚು. ನೆಲದ ಮೇಲೆ ನಿಂತು ಸುತ್ತಲೂ ರೇಡಿಯೊ ಅಲೆಗಳನ್ನು ಬೀರಿ, ವಿಮಾನವು ತನ್ನಿಂದ ಯಾವ ದಿಕ್ಕಿನಲ್ಲಿದೆಯೆಂಬುದನ್ನು ತಿಳಿಸುವ ಕೇಂದ್ರವೊಂದುಂಟು. ವೈಮಾನಿಕರು ಅದನ್ನು ವಿ.ಓ.ಆರ್. ಎನ್ನುವರು, ಅದರ ಸಂಜ್ಞೆ ಷಟ್ಕೋನ. ದೂರವನ್ನು ತಿಳಿಸುವ ಡಿ.ಎಂ.ಇ. ಎಂಬ ಸಾಧನಕ್ಕೆ ಚೌಕ. ಎರಡೂ ಒಂದೇ ಸ್ಥಳದಲ್ಲಿದ್ದರೆ ಚೌಕದೊಳಗೆ ಷಟ್ಕೋನ. ಎನ್.ಡಿ.ಬಿ. ಎಂಬುದು ಇವೆರಡಕ್ಕಿಂತಲೂ ಹಳೆಯದು. ಬೆಳಕಿಗೆ ಬದಲಾಗಿ ರೇಡಿಯೊ ಅಲೆಯನ್ನು ಬೀರುವ ದೀಪಸ್ತಂಭವೆಂದು ಅದನ್ನು ತಿಳಿಯಬಹುದು. ಅದಕ್ಕೆ ಚುಕ್ಕೆಗಳಿಂದ ತುಂಬಿದ ಒಂದು ದುಂಡು ಗುರುತು. ಕಜ್ಜಾಯದ ಮೇಲೆ ಗಸಗಸೆ ಉದುರಿಸಿದಂತೆ ಕಾಣುವುದು.

ಇವೆಲ್ಲವೂ ನೆಲದ ಮೇಲೆ ಇರುವ ವಸ್ತುಗಳ ಗುರುತುಗಳು. ನೆಲದ ಮೇಲೆ ಏನೊಂದೂ ಇಲ್ಲದೆ ಬರಿಯ ಗಗನದಲ್ಲಿ ಗೊತ್ತುಮಾಡಿದ ಬಿಂದುಗಳೂ ಉಂಟು. ಅಂಥದಕ್ಕೆ ತ್ರಿಕೋನ. ತ್ರಿಕೋನವು ತುಂಬಿದ್ದರೆ, ಅಲ್ಲಿಗೆ ಬಂದಾಗ ವೈಮಾನಿಕನು ತನ್ನ ಸ್ಥಾನವನ್ನು ನೆಲದ ನಿಯಂತ್ರಕನಿಗೆ ತಪ್ಪದೆ ತಿಳಿಸತಕ್ಕದ್ದು. ಟೊಳ್ಳಾಗಿದ್ದರೆ ಕೇಳಿದಾಗ ತಿಳಿಸಿದರೆ ಸಾಕು. ವಿಮಾನದ ಯಂತ್ರವೇ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕಿ ಸೇರುವ ಬಿಂದುವಿಗೆ ನಾಲ್ಕು ಮೊನೆಗಳ ನಕ್ಷತ್ರ. ಆ ನಕ್ಷತ್ರವನ್ನು ಒಂದು ವೃತ್ತವು ಸುತ್ತುವರಿದಿದ್ದರೆ, ಬಿಂದುವಿನ ಮೇಲೆಯೇ ಹಾದು ಅನಂತರ ತಿರುಗಬೇಕು. ವೃತ್ತವಿಲ್ಲದಿದ್ದರೆ, ಬಿಂದುವನ್ನು ಮುಟ್ಟುವ ಮೊದಲೇ ತಿರುವನ್ನು ಆರಂಭಿಸಿ ಮೂಲೆಯನ್ನು ಸವರಿಕೊಂಡು ಹೋಗಬಹುದು. ನಿಮಿಷಕ್ಕೆ ಹಲವು ಮೈಲಿಗಳನ್ನು ನುಂಗುವ ವಿಮಾನಕ್ಕೆ ಈ ಎರಡು ದಾರಿಗಳ ನಡುವಿನ ಅಂತರವು ಕಡಿಮೆಯದಲ್ಲ. ತರುಣನಿಗೆ ಆ ವೃತ್ತವನ್ನು ಕಂಡಾಗಲೆಲ್ಲ ಅಜ್ಜನ ಬಳಪದ ಗೀಟು ನೆನಪಿಗೆ ಬರುತ್ತಿದ್ದಿತು.

ಈ ಲಿಪಿಯನ್ನು ಯಾರೋ ಒಬ್ಬರು ಒಂದು ದಿನ ಕುಳಿತು ರಚಿಸಿದುದಲ್ಲ. ಅಮೆರಿಕದಲ್ಲಿ ಎಲ್ರಿ ಜೆಪ್ಪೆಸೆನ್ ಎಂಬ ಟಪಾಲು ವಿಮಾನದ ಚಾಲಕನಿದ್ದನು. 1930ರ ಸುಮಾರಿನಲ್ಲಿ ಅವನು 10 ಸೆಂಟು ಕೊಟ್ಟು ಒಂದು ಕಪ್ಪು ರಟ್ಟಿನ ಪುಸ್ತಕವನ್ನು ಕೊಂಡು, ಇಳಿದಾಣಗಳ ಉದ್ದ, ಸುತ್ತಲಿನ ಗುಡ್ಡಗಳ ಎತ್ತರ, ಹವೆಯ ಸುದ್ದಿಯನ್ನು ಹೇಳಬಲ್ಲ ರೈತರ ದೂರವಾಣಿಯ ಸಂಖ್ಯೆ ಮೊದಲಾದುವನ್ನು ಅದರಲ್ಲಿ ಬರೆದಿಡತೊಡಗಿದನು. ಎತ್ತರವನ್ನು ಅಳೆಯುವ ಯಂತ್ರವನ್ನು ಹಿಡಿದುಕೊಂಡು ಬೆಟ್ಟಗಳನ್ನೂ ಹೊಗೆಕೊಳವೆಗಳನ್ನೂ ತಾನೇ ಹತ್ತಿದನು. ಜೊತೆಯ ಚಾಲಕರು ಆ ಪುಸ್ತಕದ ಪ್ರತಿಯನ್ನು ಬೇಡತೊಡಗಲು, 1934ರಲ್ಲಿ 10 ಡಾಲರಿನಂತೆ ಅದನ್ನು ಮಾರಲಾರಂಭಿಸಿದನು. ಇಂದು ಜಗತ್ತಿನ ಅನೇಕ ದೊಡ್ಡ ವಿಮಾನಗಳಲ್ಲಿ ಬಳಕೆಯಾಗುವ ಒಂದು ಬಗೆಯ ನಕಾಶೆಗೆ ಅವನ ಹೆಸರೇ ನಿಂತಿದೆ. ಒಬ್ಬನು ತನ್ನ ಪ್ರಾಣರಕ್ಷಣೆಗಾಗಿ ಬರೆದುಕೊಂಡ ಗುರುತು ಹತ್ತು ಜನರ ಗುರುತಾಯಿತು. ಹತ್ತು ದೇಶಗಳ ಗುರುತಾಗಬೇಕಾದರೆ ಒಪ್ಪಂದವು ಬೇಕಾಯಿತು. 1944ರ ಶಿಕಾಗೊ ಒಡಂಬಡಿಕೆಯಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1948ರಲ್ಲಿ ನಕಾಶೆಗಳಿಗೆ ಸಂಬಂಧಿಸಿದ ವಿಧಿಗಳನ್ನು ಅಂಗೀಕರಿಸಿತು. ಬೇರೆ ಬೇರೆ ನುಡಿಗಳ ವೈಮಾನಿಕರು ಒಂದೇ ಷಟ್ಕೋನವನ್ನು ಕಂಡು ಒಂದೇ ಅರ್ಥವನ್ನು ಗ್ರಹಿಸುವುದು ಇಂತಹ ಒಪ್ಪಂದದ ಫಲ.

ಕಣ್ಣು ಈ ಗುರುತುಗಳನ್ನು ಹಿಡಿಯುವ ಬಗೆಯೂ ವಿಚಾರಾರ್ಹವಾದುದು. ಅಕ್ಕಿಯನ್ನು ಆರಿಸುವ ಗೃಹಿಣಿಗೆ ಇದು ಹೇಳದೆಯೆ ತಿಳಿದಿರುವುದು. ಬಿಳಿಯ ಅಕ್ಕಿಯಲ್ಲಿ ಕರಿಯ ಕಲ್ಲು ತಾನಾಗಿಯೇ ಎದ್ದು ಕಾಣುವುದು. ಮೊರದಲ್ಲಿ ಅಕ್ಕಿಯೆಷ್ಟೇ ಇರಲಿ, ಅದನ್ನು ಹುಡುಕಬೇಕಾದುದಿಲ್ಲ. ಬಿಳಿಯ ಕಲ್ಲಾದರೋ ಹಾಗಲ್ಲ. ಬಣ್ಣದಲ್ಲಿಯೂ ಗಾತ್ರದಲ್ಲಿಯೂ ಅಕ್ಕಿಯನ್ನು ಹೋಲುವ ಅದನ್ನು ಬೆರಳಿನಿಂದ ಸರಿಸಿ ಸರಿಸಿ ಕಾಳುಕಾಳಾಗಿ ನೋಡಬೇಕು. ಆನ್ ಟ್ರೀಸ್ಮನ್ ಎಂಬ ಮನಶ್ಶಾಸ್ತ್ರಜ್ಞೆಯು 1980ರಲ್ಲಿ ಗ್ಯಾರಿ ಗೆಲೇಡ್ ಎಂಬವರೊಡನೆ ಪ್ರಕಟಿಸಿದ ಸಿದ್ಧಾಂತದ ತಿರುಳು ಇದೇ. ಒಂದೇ ಒಂದು ಗುಣದಿಂದ ಬೇರೆಯಾದ ವಸ್ತುವು ಕಣ್ಣಿಗೆ ತಾನಾಗಿ ಹೊಳೆಯುವುದು; ಎರಡು ಗುಣಗಳ ಕೂಡಿಕೆಯಿಂದ ಬೇರೆಯಾದುದನ್ನು ಗಮನವು ಒಂದೊಂದಾಗಿ ತಡವಿ ಕಂಡುಹಿಡಿಯಬೇಕು. ನಕಾಶೆಯ ಮೇಲೆ ಒಂದೇ ಒಂದು ನಕ್ಷತ್ರವಿದ್ದು ಉಳಿದುವೆಲ್ಲ ಷಟ್ಕೋನಗಳಾದರೆ ಯಾರಿಗೂ ಕಷ್ಟವಿಲ್ಲ. ತುಂಬಿದ ತ್ರಿಕೋನ, ಟೊಳ್ಳು ತ್ರಿಕೋನ, ತುಂಬಿದ ನಕ್ಷತ್ರ, ಟೊಳ್ಳು ನಕ್ಷತ್ರ ಇವೆಲ್ಲ ಒಂದರ ಪಕ್ಕದಲ್ಲೊಂದು ಕಿಕ್ಕಿರಿದಾಗ ನೋಟವು ಹುಡುಕಾಟವಾಗುವುದು. ಹುಡುಕಾಟಕ್ಕೆ ಕಾಲವು ಬೇಕು. ಇಳಿಯುತ್ತಿರುವ ವಿಮಾನದಲ್ಲಿ ಕಾಲವೇ ದುರ್ಲಭ.

ಆದುದರಿಂದಲೇ ಅನುಭವಿಯು ಹುಡುಕುವುದಿಲ್ಲ, ನಿರೀಕ್ಷಿಸುವನು. ದಾರಿಯ ಮುಂದಿನ ಬಿಂದು ಎಲ್ಲಿರಬೇಕೆಂಬುದನ್ನು ಮೊದಲೇ ಬಲ್ಲವನಾಗಿ, ಅಲ್ಲಿ ಅದನ್ನೇ ಕಾಣುವನು. ಓದು ಬಲ್ಲವನು ಪದವನ್ನು ಅಕ್ಷರಅಕ್ಷರವಾಗಿ ಕೂಡಿಸದೆ ಒಂದೇ ನೋಟದಲ್ಲಿ ಓದುವಂತೆ ಇದು. ಅನುಭವದ ಬಲವು ಇಲ್ಲಿಯೇ ಇದೆ. ಅಪಾಯವೂ ಇಲ್ಲಿಯೇ ಇದೆ. ಅಚ್ಚಿನ ತಪ್ಪು ಕಲಿಯುವ ಮಗುವಿಗೆ ಕಾಣುವುದು, ಪಂಡಿತನಿಗೆ ಕಾಣದು.

ಈ ವೈಮಾನಿಕನು ವೃತ್ತಿಯಲ್ಲಿ ಮೇಲೇರುತ್ತಿದ್ದಂತೆ ನಕಾಶೆಯು ಮೊಣಕಾಲಿನಿಂದ ಎದುರಿನ ಬೆಳಕಿನ ಪರದೆಗೆ ಏರಿತು. 1982ರಲ್ಲಿ ಸೇವೆಗೆ ಬಂದ ಬೋಯಿಂಗ್ 767ರ ಕಾಲದಿಂದ, ಮುಳ್ಳುಗಳ ಗಡಿಯಾರಗಳಂತಹ ಯಂತ್ರಗಳ ಬದಲು ಬಣ್ಣದ ಪರದೆಯ ಮೇಲೆ ದಾರಿಯನ್ನು ಬರೆದು ತೋರಿಸುವ ಪದ್ಧತಿಯು ದೊಡ್ಡ ವಿಮಾನಗಳಲ್ಲಿ ಬಳಕೆಗೆ ಬಂದಿತ್ತು. ಪರದೆಯ ನಕಾಶೆಯು ಜೀವಂತವಾದುದು. ವಿಮಾನವು ತಿರುಗಿದಂತೆ ಅದೂ ತಿರುಗುವುದು. ಮುಂದಿರುವುದು ಸದಾ ಮೇಲ್ಗಡೆಯಲ್ಲಿರುವುದು. ಮಳೆಯಲ್ಲಿ, ಕತ್ತಲಲ್ಲಿ, ಮೊಣಕಾಲಿನ ಕಾಗದವನ್ನೂ ಕೈಬೆರಳನ್ನೂ ಲೆಕ್ಕವನ್ನೂ ಒಟ್ಟಿಗೆ ಹಿಡಿದು ತಾನೆಲ್ಲಿರುವೆನೆಂದು ಊಹಿಸುತ್ತಿದ್ದವನಿಗೆ, ‘ನೀನು ಇಲ್ಲಿರುವೆ’ ಎಂದು ತೋರಿಸುವ ಆ ಪರದೆಯು ಎಷ್ಟು ದೊಡ್ಡ ಉಪಕಾರವೆಂಬುದನ್ನು ಹೇಳಬೇಕಾದುದಿಲ್ಲ.

ಆದರೆ ಕಾಗದದ ಮೇಲೆ ಬೆಳೆದ ಲಿಪಿಯು ಪರದೆಗೆ ಹಾಗೆಯೇ ಹೊಂದಿಕೊಳ್ಳಲಿಲ್ಲ. ಅಚ್ಚಿನ ಮೊಳೆಯು ಕೂದಲೆಳೆಯಂತಹ ಗೆರೆಯನ್ನೂ ಎಳೆಯಬಲ್ಲುದು. ಹಳೆಯ ಪರದೆಗಳಿಗೆ ಅಷ್ಟು ನಯವಾಗಿ ಬರೆಯಲು ಆಗುತ್ತಿರಲಿಲ್ಲ. ಗಸಗಸೆಯ ಕಜ್ಜಾಯವು ಅಲ್ಲಿ ಮಸಕು ಮುದ್ದೆಯಾಗುವ ಸಂಭವವಿತ್ತು. ಬಣ್ಣವನ್ನು ಬೇಕಾದಂತೆ ಬಳಸೋಣವೆಂದರೆ ಅದಕ್ಕೂ ಕಟ್ಟುಪಾಡುಗಳುಂಟು. ಕೆಂಪು ಅಪಾಯದ ಎಚ್ಚರಿಕೆಗೆ ಮೀಸಲು, ಕಿತ್ತಳೆ ಜಾಗರೂಕತೆಗೆ ಮೀಸಲು; ಬೇರೆಡೆಗೆ ಅವುಗಳನ್ನು ಚೆಲ್ಲಿದರೆ ನಿಜವಾದ ಎಚ್ಚರಿಕೆಯ ಬೆಲೆ ಇಳಿಯುವುದು. ಅಚ್ಚ ನೀಲಿಯಲ್ಲಿ ಚಿಕ್ಕ ಗುರುತನ್ನು ಬರೆದರೆ ಸ್ಪಷ್ಟವಾಗಿ ತೋರದು. ತೀಕ್ಷ್ಣವಾಗಿ ನೋಡುವ ಕಣ್ಣಿನ ನಡುಭಾಗದಲ್ಲಿ ನೀಲಿಯನ್ನು ಗ್ರಹಿಸುವ ಕೋಶಗಳು ಬಲು ವಿರಳ. ಹಾಗಾಗಿ ಪರದೆಗಳನ್ನು ಮಾಡುವವರು ಸಂಜ್ಞೆಗಳನ್ನು ಸರಳಗೊಳಿಸಿದರು. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಸರಳಗೊಳಿಸಿದರು.

ಇನ್ನೊಂದು ವ್ಯತ್ಯಾಸವು ಇದಕ್ಕಿಂತಲೂ ಆಳವಾದುದು. ಕಾಗದವು ತನ್ನಲ್ಲಿರುವುದೆಲ್ಲವನ್ನೂ ಎಲ್ಲ ಕಾಲದಲ್ಲಿಯೂ ತೋರಿಸುವುದು. ಪರದೆಯು ಕೇಳಿದುದನ್ನು ಮಾತ್ರ ತೋರಿಸುವುದು. ವಿಮಾನನಿಲ್ದಾಣಗಳಿಗೊಂದು ಗುಂಡಿ, ರೇಡಿಯೊ ಕೇಂದ್ರಗಳಿಗೊಂದು ಗುಂಡಿ, ಬಿಂದುಗಳಿಗೊಂದು ಗುಂಡಿ. ಒತ್ತಿದರೆ ಅವು ಮೂಡುವುವು, ಬಿಟ್ಟರೆ ಮಾಯವಾಗುವುವು. 10 ಮೈಲಿಯ ವ್ಯಾಪ್ತಿಯಲ್ಲಿ ಕಂಡುದು 320 ಮೈಲಿಯ ವ್ಯಾಪ್ತಿಯಲ್ಲಿ ಕಾಣದೆ ಹೋಗಬಹುದು. ಗುರುತುಗಳೂ ಹೆಸರುಗಳೂ ಒಂದರ ಮೇಲೊಂದು ಬಿದ್ದು ಓದಲಾಗದಂತೆ ಆಗದಿರಲೆಂದೇ ಹೀಗೆ ಮಾಡಿರುವರು, ಅದು ಬೇಕಾದುದೇ. ಆದರೆ ಕಾಗದವನ್ನು ಓದುವವನಿಗೆ ಬೇಕಿಲ್ಲದಿದ್ದ ಒಂದು ವಿವೇಕವು ಪರದೆಯನ್ನು ಓದುವವನಿಗೆ ಬೇಕಾಯಿತು. ಗುರುತು ಕಾಣದಿದ್ದಾಗ, ಅದು ಲೋಕದಲ್ಲಿಯೇ ಇಲ್ಲವೋ ಅಥವಾ ತಾನು ಕೇಳಲಿಲ್ಲವೋ ಎಂಬುದನ್ನು ಅವನು ಯೋಚಿಸಬೇಕು.

ಇವೆಲ್ಲವನ್ನೂ ಈ ವೈಮಾನಿಕನು ಚೆನ್ನಾಗಿ ಬಲ್ಲವನಾಗಿದ್ದನು. ಕಿರಿಯರಿಗೆ ಹೇಳಿಕೊಟ್ಟವನೂ ಆಗಿದ್ದನು. ಐವತ್ತನ್ನು ದಾಟಿದ ಮೇಲೆ, ಬಹುಕಾಲ ನಡೆಸಿದ್ದ ಅಮೆರಿಕದ ಬೋಯಿಂಗ್ ವಿಮಾನವನ್ನು ಬಿಟ್ಟು ಯುರೋಪಿನ ಏರ್‌ಬಸ್ ವಿಮಾನಕ್ಕೆ ಬದಲಾಗಬೇಕಾಗಿ ಬಂದಿತು. ಬದಲಾವಣೆಗೆ ಮೊದಲು ಪಾಠಗಳುಂಟು, ಪರೀಕ್ಷೆಯುಂಟು. ಏರ್‌ಬಸ್ಸಿನ ಪರದೆಯ ಮೇಲೆ ದಾರಿಯ ಬಿಂದುವಿಗೆ ವಜ್ರಾಕೃತಿ, ವಿಮಾನನಿಲ್ದಾಣಕ್ಕೆ ನಕ್ಷತ್ರ, ವಿ.ಓ.ಆರ್.ಗೆ ಕೂಡಿಕೆಯ ಚಿಹ್ನೆ, ಎನ್.ಡಿ.ಬಿ.ಗೆ ತ್ರಿಕೋನ. ಆತನು ಇದನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿದನು. ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ.

ಆ ಮೇಲೆ ವಿಮಾನದ ಕೊಠಡಿಯನ್ನೇ ಹೋಲುವಂತೆ ಕಟ್ಟಿದ ಸಿಮ್ಯುಲೇಟರಿನಲ್ಲಿ ಅಭ್ಯಾಸವು ನಡೆಯಿತು. ಮೂರನೆಯ ದಿನ, ಹಾರಿದ ಸ್ವಲ್ಪ ಹೊತ್ತಿಗೆ ಒಂದು ಎಂಜಿನು ಕೆಟ್ಟಂತೆ ಶಿಕ್ಷಕನು ಮಾಡಿದನು. ಕೆಟ್ಟ ಎಂಜಿನಿನ ಕೆಲಸವನ್ನು ಆತನು ಕ್ರಮವಾಗಿ ಮುಗಿಸಿದನು. ಅನಂತರ ನಿಯಂತ್ರಕನ ದನಿಯಲ್ಲಿ ಶಿಕ್ಷಕನು, ಮುಂದಿನ ಬಿಂದುವಿಗೆ ಹೋಗಿ ಅಲ್ಲಿ ಸುತ್ತುತ್ತಿರಬೇಕೆಂದು ಹೇಳಿದನು. ಪರದೆಯ ಮೇಲೆ ಎಡಗಡೆಗೆ ಒಂದು ತ್ರಿಕೋನವಿತ್ತು. ಆತನು ಕ್ಷಣಮಾತ್ರವೂ ಅನುಮಾನಿಸದೆ ದೂರವನ್ನು ಹೇಳಿ, ವಿಮಾನವನ್ನು ಅತ್ತ ತಿರುಗಿಸಿದನು.

ಶಿಕ್ಷಕನು ಆತನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನು ಯಂತ್ರವನ್ನು ನಿಲ್ಲಿಸಿದನು. ಪರದೆಗಳು ಇದ್ದಲ್ಲಿಯೇ ನಿಂತುವು.

“ಸಾರ್, ಇನ್ನೊಮ್ಮೆ ನೋಡಿ” ಎಂದನು.

ಆತನು ನೋಡಿದನು. ತ್ರಿಕೋನದ ಪಕ್ಕದಲ್ಲಿ ಎರಡೇ ಅಕ್ಷರಗಳಿದ್ದುವು. ಗಗನದ ಬಿಂದುಗಳಿಗೆ ಐದು ಅಕ್ಷರದ ಹೆಸರುಗಳು. ರೇಡಿಯೊ ಕೇಂದ್ರಗಳಿಗೆ ಸಾಮಾನ್ಯವಾಗಿ ಎರಡೋ ಮೂರೋ ಅಕ್ಷರಗಳು. ಇದನ್ನು ಅರಿಯದ ವೈಮಾನಿಕನಿಲ್ಲ. ಆಕೃತಿಯು ಹಳೆಯ ಅರ್ಥವನ್ನು ಹೇಳುತ್ತಿದ್ದಾಗ ಅಕ್ಷರಗಳು ಮಗ್ಗುಲಲ್ಲಿಯೇ ನಿಂತು ಹೊಸ ಅರ್ಥವನ್ನು ಸಾರುತ್ತಿದ್ದುವು. ಆತನ ಬುದ್ಧಿಯು ಹೊಸ ಪಾಠವನ್ನು ಕಲಿತಿತ್ತು. ಕಣ್ಣು ಮೂವತ್ತು ವರ್ಷದ ಕಾಗದದ ಪಾಠವನ್ನೇ ಓದಿತ್ತು. ದಾರಿಯ ಬಿಂದುವಾದರೋ ಬಲಗಡೆಗೆ ವಜ್ರಾಕೃತಿಯಲ್ಲಿ ಸುಮ್ಮನೆ ಕಾದಿತ್ತು.

ಶಿಕ್ಷಕನು ಮತ್ತೇನೂ ಹೇಳಲಿಲ್ಲ. ಯಂತ್ರವು ಮುಂದುವರಿಯಿತು, ಉಳಿದ ಪಾಠವು ಸಲೀಸಾಗಿ ನಡೆಯಿತು. ಆ ರಾತ್ರಿ ಆತನಿಗೆ ನಿದ್ರೆ ಹತ್ತಲಿಲ್ಲ. ಕಿರಿಯನ ಮುಂದೆ ಆದ ಅವಮಾನವು ಅರ್ಧ ಗಂಟೆಯಲ್ಲಿ ಕರಗಿಹೋಯಿತು. ತಿಳಿಯದೆ ತಪ್ಪಿದವನು ಕಲಿತುಕೊಳ್ಳಬಹುದು. ತಿಳಿದೂ ತಪ್ಪಿದವನು ಏನನ್ನು ಕಲಿಯಬೇಕು? ಈ ಪ್ರಶ್ನೆಯು ಬೆಳಗಿನವರೆಗೆ ಕರಗಲಿಲ್ಲ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಆತನೇ ಮೊದಲಿಗನಲ್ಲ. ಅಮೆರಿಕದ ಸಾರಿಗೆ ಇಲಾಖೆಗೆ ಸೇರಿದ ವೋಲ್ಪಿ ಕೇಂದ್ರವೆಂಬ ಸಂಶೋಧನಾಲಯವು ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದಲ್ಲಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯ ಸಂಶೋಧಕರು ವಿದ್ಯುನ್ಮಾನ ನಕಾಶೆಗಳ ಸಂಜ್ಞೆಗಳನ್ನು ವೈಮಾನಿಕರ ಮುಂದಿಟ್ಟು ಪರೀಕ್ಷಿಸಿದರು. ಅವರ ವಿಚಾರಣೆಯಲ್ಲಿ ಎರಡು ಪ್ರಶ್ನೆಗಳು ಮುಖ್ಯವಾದುವು. ಸುತ್ತಮುತ್ತಲಿನ ನಕಾಶೆಯ ನೆರವಿಲ್ಲದೆ ಆಕೃತಿಯೊಂದನ್ನೇ ತೋರಿಸಿದರೆ ವೈಮಾನಿಕನು ಅದನ್ನು ಗುರುತಿಸುವನೆ? ಆಕೃತಿಯನ್ನು ತುಂಬಿದುದರಿಂದಲೋ ಸುತ್ತ ವೃತ್ತವನ್ನು ಎಳೆದುದರಿಂದಲೋ ಆಗುವ ಅರ್ಥಭೇದವು ಅವನಿಗೆ ತಿಳಿಯುವುದೆ? ಒಂದು, ದಕಾರವನ್ನು ಬಲ್ಲೆಯಾ ಎಂಬ ಪ್ರಶ್ನೆ. ಇನ್ನೊಂದು, ಹೊಟ್ಟೆಯನ್ನು ಸೀಳಿದರೆ ಏನಾಗುವುದೆಂದು ಬಲ್ಲೆಯಾ ಎಂಬ ಪ್ರಶ್ನೆ. ಹಳ್ಳಿಯ ಜಗಲಿಯ ಮೇಲೆ ಕುಳಿತ ಅಜ್ಜನೂ ಈ ಎರಡನ್ನೇ ಕೇಳಿದ್ದನು.

ಸಂಜ್ಞೆಯನ್ನು ಸರಿಯಾಗಿ ಬರೆಯುವ ಹೊಣೆಯು ನಕಾಶೆಯನ್ನು ಮಾಡುವವರದು. ಆದರೆ ಸರಿಯಾಗಿ ಬರೆದ ಸಂಜ್ಞೆಯನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಕೆಲಸವು ಮುಗಿಯುವುದೆ? ಮುಗಿಯದೆಂಬುದಕ್ಕೆ ವೈಮಾನಿಕರೆಲ್ಲರೂ ಬಲ್ಲ ಒಂದು ದುರಂತವು ಸಾಕ್ಷಿಯಾಗಿದೆ. ಆತನು ಅದರ ವಿಚಾರಣೆಯ ವರದಿಯನ್ನು ತಾರುಣ್ಯದಲ್ಲಿಯೇ ಓದಿದ್ದನು; ಆ ರಾತ್ರಿಯ ಮಾರನೆಯ ದಿನ ಮತ್ತೆ ತೆಗೆದು ಓದಿದನು.

1995ರ ಡಿಸೆಂಬರ್ 20ರ ರಾತ್ರಿ, ಅಮೆರಿಕನ್ ಏರ್‌ಲೈನ್ಸಿನ ಬೋಯಿಂಗ್ 757 ವಿಮಾನವೊಂದು 163 ಜನರನ್ನು ಹೊತ್ತು ಮಯಾಮಿಯಿಂದ ಕೊಲಂಬಿಯಾ ದೇಶದ ಕಾಲಿ ನಗರಕ್ಕೆ ಬರುತ್ತಿದ್ದಿತು. ಎರಡು ಕಡೆಗಳಲ್ಲಿಯೂ ಎತ್ತರವಾದ ಪರ್ವತಗಳು; ನಡುವೆ ತೆಂಕಣಕ್ಕೆ ಚಾಚಿದ ಉದ್ದನೆಯ ಕಣಿವೆ; ಕಣಿವೆಯಲ್ಲಿ ನಗರ. ವಿಮಾನವು ಆಗಲೇ ಸುಮಾರು ಎರಡು ಗಂಟೆ ತಡವಾಗಿತ್ತು. ನಗರವನ್ನು ದಾಟಿ ಹಿಂದಿರುಗಿ ಇಳಿಯುವ ಬದಲು ನೇರವಾಗಿ ಬಂದು ಇಳಿಯಬಹುದೆಂದು ನಿಯಂತ್ರಕನು ಸೂಚಿಸಿದನು, ಚಾಲಕರು ಒಪ್ಪಿದರು. ಅಲ್ಲಿಂದ ಅವಸರವು ಮೊದಲಾಯಿತು.

ದಾರಿಯಲ್ಲಿ ಟುಲುವಾ ಎಂಬ ಕೇಂದ್ರವನ್ನು ದಾಟಿದಾಗ ತಿಳಿಸಬೇಕೆಂದು ನಿಯಂತ್ರಕನ ಅಪ್ಪಣೆಯಿತ್ತು. ಆದರೆ ನೇರವಾಗಿ ಕಾಲಿಗೆ ಹೋಗೆಂದು ಯಂತ್ರಕ್ಕೆ ಆಜ್ಞೆಯನ್ನು ಕೊಟ್ಟಿದ್ದುದರಿಂದ, ನಡುವಿನ ಬಿಂದುಗಳೆಲ್ಲವೂ ಟುಲುವಾದೊಡನೆ ಅವರ ದಾರಿಯಿಂದ ಅಳಿಸಿಹೋಗಿದ್ದುವು. ಕಾಣದ ಟುಲುವಾವನ್ನು ಅವರು ಮುಂದೆ ಅರಸುತ್ತಿದ್ದರು; ಅದು ಹಿಂದೆ ಉಳಿದಿತ್ತು. ಅನಂತರ ರೋಜೊ ಎಂಬ ಎನ್.ಡಿ.ಬಿ.ಗೆ ಹೋಗಲು ನಿಶ್ಚಯಿಸಿದರು. ಕಾಗದದ ನಕಾಶೆಯಲ್ಲಿ ಅದರ ಗುರುತಿನ ಅಕ್ಷರವು ‘ಆರ್’. ಚಾಲಕರು ಯಂತ್ರದಲ್ಲಿ ‘ಆರ್’ ಎಂದು ಒತ್ತಿದರು. ಯಂತ್ರದ ಭಂಡಾರದಲ್ಲಿ ರೋಜೊವು ಪೂರ್ತಿ ಹೆಸರಿನಿಂದ ದಾಖಲಾಗಿತ್ತು. ‘ಆರ್’ ಎಂಬುದಕ್ಕೆ ಪಟ್ಟಿಯ ತಲೆಯಲ್ಲಿ ಬಂದುದು ರೋಮಿಯೊ ಎಂಬ ಇನ್ನೊಂದು ಎನ್.ಡಿ.ಬಿ.; ಅದು ನೂರು ನಾವಿಕ ಮೈಲಿಗಳಿಗಿಂತಲೂ ಆಚೆ, ಪರ್ವತಗಳ ಆ ಕಡೆ, ಬೊಗೋಟಾದ ಬಳಿಯಲ್ಲಿತ್ತು. ಒಂದೇ ಜಾತಿಯ ಕೇಂದ್ರ, ಒಂದೇ ಅಕ್ಷರ. ವಿಮಾನವು ವಿಧೇಯನಾದ ಸೇವಕನಂತೆ ಎಡಕ್ಕೆ, ಪೂರ್ವದ ಪರ್ವತಗಳ ಕಡೆಗೆ, ಕತ್ತಲಿನಲ್ಲಿ ತಿರುಗಿತು. ತಿರುಗುತ್ತಲೇ ಇಳಿಯುತ್ತಲೂ ಇದ್ದಿತು.

ಚಾಲಕರಿಗೆ ತಪ್ಪು ಅರಿವಾಗಿ ಬಲಕ್ಕೆ ತಿರುಗಿಸುವಷ್ಟರಲ್ಲಿ ವಿಮಾನಕ್ಕೂ ಕಣಿವೆಗೂ ನಡುವೆ ಬೆಟ್ಟವು ಬಂದಿತ್ತು. ನೆಲವು ಸಮೀಪಿಸಿತೆಂದು ಯಂತ್ರವು ಕೂಗಿದಾಗ ಮೇಲೇರಲು ಯತ್ನಿಸಿದರು. ಇಳಿಯುವುದಕ್ಕಾಗಿ ಎತ್ತಿದ್ದ ರೆಕ್ಕೆಯ ವೇಗರೋಧಕಗಳು ಇನ್ನೂ ಎತ್ತಿಕೊಂಡೇ ಇದ್ದುವು. ಸುಮಾರು 8,900 ಅಡಿ ಎತ್ತರದಲ್ಲಿ, ಶಿಖರದ ಸಮೀಪದಲ್ಲಿ, ವಿಮಾನವು ಬೆಟ್ಟಕ್ಕೆ ಬಡಿಯಿತು. 159 ಜನರು ಮಡಿದರು. ನಾಲ್ವರು ಬದುಕಿದರು.

ಅಂದಿನ ಆ ಪರದೆಯ ಮೇಲೆ ಬೆಟ್ಟಗಳಿರಲಿಲ್ಲ. ಪರ್ವತಗಳ ನಡುವಿನ ಕಣಿವೆಯಲ್ಲಿಯೂ ಸಮುದ್ರದ ಮೇಲೆಯೂ ದಾರಿಯ ಗೆರೆಯು ಒಂದೇ ಬಗೆಯಾಗಿ, ಶುಚಿಯಾಗಿ, ಕಪ್ಪು ಹಿನ್ನೆಲೆಯಲ್ಲಿ ಹೊಳೆಯುತ್ತಿದ್ದಿತು. ಮುಂದೆ ನೆಲದ ಎತ್ತರವನ್ನು ವಿಮಾನದ ಎತ್ತರದೊಡನೆ ಹೋಲಿಸಿ, ಕೆಂಪು ಕಿತ್ತಳೆ ಹಸುರುಗಳಲ್ಲಿ ಪರದೆಯ ಮೇಲೆಯೇ ತೋರಿಸುವ ಸಾಧನವು ಬಂದಿತು. 2000ದಲ್ಲಿ ಅಮೆರಿಕವು ನಿಯಮವನ್ನು ಮಾಡಿ ಇಂತಹ ಎಚ್ಚರಿಕೆಯ ಸಾಧನವನ್ನು ಕಡ್ಡಾಯಗೊಳಿಸಿತು. ಈಗ ದೊಡ್ಡ ವಿಮಾನಗಳಲ್ಲಿ ಅದು ಸಾಮಾನ್ಯವಾಗಿದೆ.

ವರದಿಯನ್ನು ಮುಚ್ಚಿಟ್ಟು ವೈಮಾನಿಕನು ಬಹಳ ಹೊತ್ತು ಕುಳಿತಿದ್ದನು. ಅಕ್ಷರಗಳನ್ನು ಅರಿಯದವರು ಆ ವಿಮಾನದಲ್ಲಿರಲಿಲ್ಲ, ಚಾಲಕರಿಬ್ಬರೂ ಪಳಗಿದವರು. ಅವರು ಓದಿದುದೂ ತಪ್ಪಲ್ಲ. ‘ಆರ್’ ಎಂಬುದು ‘ಆರ್’ ಎಂದೇ ಇದ್ದಿತು. ಓದಿದುದಕ್ಕೂ ನಂಬಿದುದಕ್ಕೂ ನಡುವೆ ಇರಬೇಕಾಗಿದ್ದ ಒಂದು ಗಳಿಗೆಯು ಅಲ್ಲಿರಲಿಲ್ಲ. ಆ ಗಳಿಗೆಯಲ್ಲಿ ಕೇಳಬೇಕಾದುದು ಹೆಚ್ಚೇನೂ ಅಲ್ಲ. ಇದು ಎಷ್ಟು ದೂರ? ಯಾವ ದಿಕ್ಕು? ರೋಜೊವು ನಿಲ್ದಾಣದ ಬಾಗಿಲಲ್ಲಿಯೇ ಇರುವ ಕೇಂದ್ರ. ಆಯ್ದುಕೊಂಡುದು ನೂರಕ್ಕೂ ಹೆಚ್ಚು ಮೈಲಿಯ ಆಚೆಯದು. ದೂರದ ಅಂಕೆಯೊಂದನ್ನು ನೋಡಿದ್ದರೂ ಸಂಜ್ಞೆಯ ಮುಸುಕು ಕಳಚುತ್ತಿದ್ದಿತು.

ಸಿಮ್ಯುಲೇಟರಿನಲ್ಲಿ ತಾನು ಕಳೆದುಕೊಂಡುದೂ ಇದೇ ಗಳಿಗೆಯೆಂಬುದು ಆತನಿಗೆ ಸ್ಪಷ್ಟವಾಯಿತು. ಗುರುತು ಹಿಡಿಯುವ ಶಕ್ತಿಯು ಬುದ್ಧಿಗಿಂತ ಹಿರಿಯದು, ಬುದ್ಧಿಗಿಂತ ವೇಗವಾದುದು. ಅದು ಓಡಿಹೋಗಿ ಬಾಗಿಲನ್ನು ತೆರೆದುಬಿಡುವುದು. ಬಂದವರು ಯಾರೆಂದು ಬುದ್ಧಿಯು ಅನಂತರ ಕೇಳುವುದು. ಅದನ್ನು ತಡೆಯಲಾಗದು, ತಡೆದರೆ ಯಾರೂ ವಿಮಾನವನ್ನು ನಡೆಸಲಾರರು. ಆದರೆ ಅದು ಬಾಗಿಲನ್ನು ತೆರೆದ ಮೇಲೂ, ಅತಿಥಿಯನ್ನು ನಡುಮನೆಗೆ ಕರೆಯುವ ಮುನ್ನ, ಹೆಸರನ್ನೂ ಊರನ್ನೂ ಕೇಳುವ ಪದ್ಧತಿಯನ್ನು ಇಟ್ಟುಕೊಳ್ಳಬಹುದು.

ಆ ಪದ್ಧತಿಯು ವೈಮಾನಿಕರ ವೃತ್ತಿಯಲ್ಲಿ ಹೊಸದಲ್ಲ. ಯಂತ್ರಕ್ಕೆ ಹೊಸ ಬಿಂದುವನ್ನು ಕೊಟ್ಟಾಗ, ಆಜ್ಞೆಯನ್ನು ಜಾರಿಗೊಳಿಸುವ ಮೊದಲು, ಒಬ್ಬನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬನು ನೋಡಿ ಒಪ್ಪಬೇಕು ಎಂಬ ನಿಯಮವನ್ನು ಎಲ್ಲರೂ ಕಲಿತಿರುವರು. ಕಲಿತು, ವರ್ಷಗಳು ಕಳೆದಂತೆ, ಸಂಧ್ಯಾವಂದನೆಯ ಮಂತ್ರದಂತೆ ಬಾಯಲ್ಲಿ ಮಾತ್ರ ಆಡುವವರೂ ಇರುವರು. ಈ ವೈಮಾನಿಕನು ಅಂದಿನಿಂದ ಅದನ್ನು ಅರ್ಥವಿಟ್ಟು ಆಡತೊಡಗಿದನು. ಹೆಸರನ್ನು ಹೇಳುವನು, ದಿಕ್ಕನ್ನು ಹೇಳುವನು, ದೂರವನ್ನು ಹೇಳುವನು, ಪರದೆಯ ಮೇಲೆ ಈಗ ಯಾವ ಗುಂಡಿಯು ಬೆಳಗುತ್ತಿದೆ, ಏನನ್ನು ತಾನು ಕೇಳಿಲ್ಲ ಎಂಬುದನ್ನೂ ಹೇಳುವನು. ಮಗ್ಗುಲಿನ ಕಿರಿಯ ಚಾಲಕರಿಗೆ ಮೊದಮೊದಲು ಇದು ಮುದುಕನ ಗೊಣಗಾಟದಂತೆ ತೋರಿರಬಹುದು. ಒಬ್ಬಳು ತರುಣ ಚಾಲಕಿಯು ಒಂದು ದಿನ, “ಸಾರ್, ಇದು ನಮ್ಮ ನಿತ್ಯದ ದಾರಿಯಲ್ಲವೆ?” ಎಂದು ಕೇಳಿದಳು. “ನಿತ್ಯದ ದಾರಿಯೆಂದೇ ಹೇಳುತ್ತಿದ್ದೇನಮ್ಮಾ, ಹೊಸ ದಾರಿಯಲ್ಲಿ ಕಣ್ಣು ತಾನಾಗಿ ತೆರೆದಿರುತ್ತದೆ” ಎಂದು ಆತನು ಉತ್ತರ ಕೊಟ್ಟನು. ಅವಳು ಮತ್ತೆ ಕೇಳಲಿಲ್ಲ. ಕೆಲವು ತಿಂಗಳ ಮೇಲೆ, ಆತನು ಹೇಳುವ ಮೊದಲೇ ಅವಳು ದೂರವನ್ನು ಹೇಳತೊಡಗಿದ್ದಳು.

ಹಿಂದೆ ಕುಳಿತ ನೂರಾರು ಜನರು ಈ ಮಾತುಗಳನ್ನು ಕೇಳುವುದಿಲ್ಲ. ಅವರಲ್ಲಿ ಕೆಲವರು ನಿದ್ರಿಸುವರು, ಕೆಲವರು ಕಿಟಕಿಯಿಂದ ಮೋಡಗಳನ್ನು ನೋಡುವರು. ಮುಂದಿನ ಕೊಠಡಿಯಲ್ಲಿ ಜೋಳದ ಕಾಳಿನಷ್ಟು ಗಾತ್ರದ ಒಂದು ಗುರುತನ್ನು ಇಬ್ಬರು ಎರಡು ಸಲ ನೋಡಿದರೆಂಬ ಸಂಗತಿಯು ಅವರಿಗೆ ತಿಳಿಯುವುದೂ ಇಲ್ಲ, ತಿಳಿಯಬೇಕಾದುದೂ ಇಲ್ಲ.

ರಜೆಯ ದಿನಗಳಲ್ಲಿ ಆತನು ಮನೆಯಲ್ಲಿದ್ದಾಗ ಮಗಳ ಮಗಳು ಪುಸ್ತಕವನ್ನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತುಕೊಳ್ಳುವಳು. ಒಂದು ಸಂಜೆ ಅವಳು ಉಕ್ತಲೇಖನವನ್ನು ಬರೆದು ಮುಗಿಸಿ, “ತಾತಾ, ಎಲ್ಲಾ ಸರಿಯಾಗಿದೆ ಅಲ್ವಾ?” ಎಂದು ಮುಂದೆ ಹಿಡಿದಳು. ಸಾಲುಗಳು ಓರಣವಾಗಿದ್ದುವು. ಮೂರನೆಯ ಸಾಲಿನಲ್ಲಿ ಒಬ್ಬ ವರ್ತಕನು ಪರದೇಶಕ್ಕೆ ಹೋಗಿ ಬಹಳ ‘ದನ’ವನ್ನು ಸಂಪಾದಿಸಿಕೊಂಡು ಬಂದಿದ್ದನು. ಆತನ ಬೆರಳು ತಾನಾಗಿಯೇ ಆ ಅಕ್ಷರದ ಕಡೆಗೆ ಸರಿಯಿತು. ಆದರೆ ಅಲ್ಲಿಯೇ ನಿಂತಿತು; ಎಲ್ಲಿಯೆಂದು ತೋರಿಸಲಿಲ್ಲ. ಪುಸ್ತಕವನ್ನು ಅವಳ ಕೈಗೇ ಹಿಂದಿರುಗಿಸಿ, “ಇನ್ನೊಮ್ಮೆ ನೋಡು, ಪುಟ್ಟಿ” ಎಂದನು. ಅವಳು ನೋಡುವವರೆಗೆ ಕಾದು ಕುಳಿತನು.